ವಯಸ್ಸಿನಷ್ಟು ದೂರ

ನಮ್ಮ ಆಫೀಸಿನ ಸೈಕಲ್ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಹುಟ್ಟುಹಬ್ಬದ ದಿನ ನಿಮಗೆ ಎಷ್ಟು ವರ್ಷ ತುಂಬುತ್ತೋ ಅಷ್ಟು ಕಿಲೋಮೀಟರ್ ಸೈಕಲ್ ತುಳಿಯಬೇಕು. ಕೇಕು, ಬಿರಿಯಾನಿ ಎಲ್ಲ ಆಮೇಲೆ. ತುಳಿದಿದ್ದಕ್ಕೆ ಸ್ಟ್ರಾವಾದ ಮ್ಯಾಪ್ ಸಾಕ್ಷಿ, ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ ಮೇಲಷ್ಟೇ ಶುಭಾಶಯ. ಇಂಥ ಪದ್ಧತಿ ಪ್ರಪಂಚದ ಎಷ್ಟೋ ಕಡೆ ಸೈಕಲ್ ಹುಚ್ಚಿನವರಲ್ಲಿ ಇದೆ. ಅಮೆರಿಕ, ಇಂಗ್ಲೆಂಡಿನವರು ಮೈಲಿ ಲೆಕ್ಕ ಹಿಡಿಯುತ್ತಾರೆ, ನಾವು ಕಿಲೋಮೀಟರಿನಲ್ಲೇ ಬಚಾವಾಗುತ್ತೇವೆ.

2025ರ ಡಿಸೆಂಬರಿನಲ್ಲಿ ನನಗೆ 34 ತುಂಬುವುದಿತ್ತು. ಈ ಸಲ ಬೆಂಗಳೂರಿನ ರಿಂಗ್ ರೋಡ್ ಬೇಡ, ಊರಲ್ಲೇ ತುಳಿಯೋಣ ಅಂದುಕೊಂಡೆ. ಊರು ಅಂದ್ರೆ ಕೊಡಗಿನ ಉತ್ತರದ ತುದಿ, ಕೊಡ್ಲಿಪೇಟೆ ಹತ್ತಿರದ ಒಂದು ಹಳ್ಳಿ. ಕೊಡಗು ಅಂದ ತಕ್ಷಣ ನೀವು ಮಡಿಕೇರಿ, ಹೋಮ್‌ಸ್ಟೇ, ಹಂದಿಮಾಂಸದ ಸಾರು ಅಂತ ನೆನೆಸಿಕೊಳ್ಳುತ್ತೀರಿ. ನಮ್ಮ ಕಡೆ ಬಂದರೆ ಹಾಸನ ಜಿಲ್ಲೆಯೋ ಕೊಡಗೋ ಅಂತ ಗೊತ್ತಾಗೋದಿಲ್ಲ. ಭಾಷೆ, ಊಟ, ನೆಂಟಸ್ತಿಕೆ ಎಲ್ಲ ಆ ಕಡೆಯದೇ.

ಫೋನಿನಲ್ಲಿ ಅಪ್ಪನಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಹಂಗಾದ್ರೆ ನಾನು ತುಳಿಯೋದಾದ್ರೆ ಎಷ್ಟು ತುಳೀಬೇಕೋ? ಆಧಾರ್ ಕಾರ್ಡಿನ ಲೆಕ್ಕವೋ, ನಿಮ್ಮಜ್ಜಿ ಲೆಕ್ಕವೋ?"

ತಮಾಷೆಗೇ ಕೇಳಿದ್ದು. ಆದರೆ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಒಂದೂವರೆ ವರ್ಷದ ಸಂಬಳದ ಬೆಲೆ ಇದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಅಪ್ಪ ಹುಟ್ಟಿದ್ದು ಯಾವಾಗ ಅಂತ ಕೇಳಿದರೆ ಅಜ್ಜಿ ತಾರೀಕು ಹೇಳುತ್ತಿರಲಿಲ್ಲ. "ವಿಶ್ವಾವಸು ಸಂವತ್ಸರ. ಪಾಕಿಸ್ತಾನದ ಯುದ್ಧ ನಿಂತಿತ್ತು. ಗದ್ದೆ ಕುಯ್ಲಿಗೆ ಬಂದಿತ್ತು. ಶಾಸ್ತ್ರಿ ಸತ್ತೋದ್ರು ಅಂತ ರೇಡಿಯೋದಲ್ಲಿ ಬಂದಾಗ ಇವನು ಒಂದೂವರೆ ತಿಂಗಳ ಕೂಸು" ಅನ್ನುತ್ತಿದ್ದರು. ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಿದ್ದು 1966ರ ಜನವರಿ 11ಕ್ಕೆ. ಒಂದೂವರೆ ತಿಂಗಳು ಹಿಂದಕ್ಕೆ ಎಣಿಸಿದರೆ 1965ರ ನವೆಂಬರ್ ಕೊನೆ. ಪಂಚಾಂಗ ತೆಗೆದು ನೋಡಿದೆ, 1965ರ ಯುಗಾದಿಯಿಂದ ನಡೆದದ್ದು ವಿಶ್ವಾವಸುವೇ. ಸ್ಕೂಲಿಗೇ ಹೋಗದ ಅಜ್ಜಿ ಕೊಟ್ಟ ನಾಲ್ಕು ಗುರುತು ನಾಲ್ಕೂ ಒಂದಕ್ಕೊಂದು ಕೂಡಿ ಬಂದವು. ನಾವು ಕೋಡಿನಲ್ಲಿ ಡೇಟಾ ಸರಿಯಿದೆಯಾ ಅಂತ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡುವುದಿಲ್ಲ.

ಆದರೆ ದಾಖಲೆಯಲ್ಲಿ ಅಪ್ಪನ ಜನ್ಮದಿನ 1964ರ ಜೂನ್ 1. ನಿಮ್ಮ ಮನೆಯಲ್ಲೂ ಐವತ್ತು ದಾಟಿದವರಿದ್ದರೆ ಅವರ ಆಧಾರ್ ಕಾರ್ಡ್ ಒಮ್ಮೆ ತೆಗೆದು ನೋಡಿ. ಹಳ್ಳಿ ಕಡೆಯವರಾದರೆ ಜೂನ್ 1 ಇರುವ ಸಾಧ್ಯತೆ ಬಹಳ. ಜೂನ್‌ನಲ್ಲಿ ಸ್ಕೂಲು ಶುರು. ಮಗುವನ್ನು ಕೈ ಹಿಡಿದು ಕರೆದುಕೊಂಡು ಬಂದ ತಾಯಿಗೆ ತಾರೀಕು ಗೊತ್ತಿಲ್ಲ, ಹೆಡ್‌ಮಾಸ್ಟರಿಗೆ ರಿಜಿಸ್ಟರ್‌ನ ಆ ಖಾನೆ ಖಾಲಿ ಬಿಡುವ ಹಾಗಿಲ್ಲ. ಜೂನ್ 1 ಅಂತ ಬರೆದು, ಒಂದನೇ ಕ್ಲಾಸಿಗೆ ಸರಿಹೋಗುವ ಇಸವಿ ಹಾಕಿದರೆ ಮುಗೀತು. ಅಪ್ಪನನ್ನು ಸ್ಕೂಲಿಗೆ ಹಾಕಿದ್ದು 1970ರಲ್ಲಿ. ನಿಜವಾಗಿ ಅವರಿಗೆ ಆಗ ನಾಲ್ಕೂವರೆ. ಅಜ್ಜಿ ನಾಟಿಗೆ ಹೋಗಬೇಕು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ದೊಡ್ಡಪ್ಪನ ಜೊತೆ ಇವನೂ ಕೂತಿರಲಿ ಅಂತ ಕಳಿಸಿದ್ದು. ಮೇಷ್ಟ್ರು ಉಪಕಾರ ಮಾಡಿ ಆರು ವರ್ಷ ಅಂತ ಬರೆದುಕೊಂಡರು.

ನೋಡಿ, ಕಾನೂನಿನ ಪ್ರಕಾರ ಹುಟ್ಟು ಸಾವು ಬರೆಸುವ ಪದ್ಧತಿ ಅಷ್ಟು ಹಳೆಯದೇನಲ್ಲ. ಇಡೀ ದೇಶಕ್ಕೆ ಒಂದೇ ರೀತಿ ಜನನ ಮರಣ ನೋಂದಣಿ ಕಡ್ಡಾಯ ಮಾಡಿದ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ನಮ್ಮ ಕಡೆಯ ಬಹಳ ಜನಕ್ಕೆ ಸ್ಕೂಲಿನ ರಿಜಿಸ್ಟರೇ ಎರಡನೇ ಜನ್ಮ. ಆಮೇಲೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಅದೇ ತಾರೀಕು ಹೋಯ್ತು, ಅಲ್ಲಿಂದ ಕೆಲಸದ ಸರ್ವಿಸ್ ರಿಜಿಸ್ಟರಿಗೆ, ಅಲ್ಲಿಂದ ಆಧಾರ್‌ಗೆ.

ಅಪ್ಪ ಶನಿವಾರಸಂತೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದರು. 60 ವರ್ಷಕ್ಕೆ ನಿವೃತ್ತಿ. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗಬೇಕು, ಹಾಗಾಗಿ 2024ರ ಮೇ 31ಕ್ಕೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು. ಅಜ್ಜಿ ಲೆಕ್ಕದಲ್ಲಿ ಆ ದಿನ ಅವರಿಗೆ ಐವತ್ತೆಂಟೂವರೆ. ಸರಿಪಡಿಸಿಕೊಳ್ಳಬಹುದಿತ್ತಲ್ಲ ಅಂತ ನಾನು ಕೇಳಿದ್ದೆ. ಕರ್ನಾಟಕದಲ್ಲಿ ಸರ್ಕಾರಿ ನೌಕರರ ವಯಸ್ಸು ನಿರ್ಧರಿಸುವುದಕ್ಕೇ 1974ರ ಒಂದು ಕಾಯ್ದೆ ಇದೆ. ಸರ್ವಿಸ್ ರಿಜಿಸ್ಟರಿನಲ್ಲಿ ತಾರೀಕು ತಪ್ಪಿದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ಆಮೇಲೆ ಇಲ್ಲ. ಕೆಲಸ ಸಿಕ್ಕ ಹೊಸದರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ನಿವೃತ್ತಿ ಬಗ್ಗೆ ಯಾರು ಯೋಚನೆ ಮಾಡ್ತಾರೆ? ಆಗ ತಪ್ಪಿದ್ದು ಮೂವತ್ತೇಳು ವರ್ಷ ಬಿಟ್ಟು ಹದಿನೆಂಟು ತಿಂಗಳ ಸಂಬಳವಾಗಿ ಹೋಯ್ತು. ಮನೆ ಕಟ್ಟಿದ ಸಾಲದ ಕಂತು ನನ್ನ ಹೆಸರಿಗೆ ಬಂತು. ಅದರ ಬಗ್ಗೆ ನನಗೆ ಬೇಜಾರಿಲ್ಲ, ಅಪ್ಪನಿಗಿದೆ. ಅವರು ಬಾಯಿ ಬಿಟ್ಟು ಹೇಳೋದಿಲ್ಲ.

ಈಗ ಫ್ರಾನ್ಸಿನ ಒಬ್ಬ ಅಜ್ಜನ ಕಥೆ ಕೇಳಿ. ರಾಬರ್ಟ್ ಮಾರ್ಷಾಂ ಅಂತ. 1911ರ ನವೆಂಬರ್ 26ಕ್ಕೆ ಹುಟ್ಟಿದವರು. 2012ರಲ್ಲಿ, ನೂರು ವರ್ಷ ದಾಟಿದ್ದಾಗ, ಲಿಯಾನ್ ನಗರದ ಸೈಕಲ್ ಟ್ರ್ಯಾಕಿನಲ್ಲಿ ನೂರು ಕಿಲೋಮೀಟರ್ ತುಳಿದರು. ತಗೊಂಡ ಸಮಯ 4 ಗಂಟೆ 17 ನಿಮಿಷ ಚಿಲ್ಲರೆ. ವಯಸ್ಸಿನಷ್ಟು ದೂರ ಅನ್ನುವ ಆಟವನ್ನು ಇದಕ್ಕಿಂತ ದೊಡ್ಡದಾಗಿ ಆಡಿದವರು ನನಗೆ ಗೊತ್ತಿಲ್ಲ. 2017ರ ಜನವರಿಯಲ್ಲಿ, 105ರ ಹರೆಯದಲ್ಲಿ, ಒಂದು ಗಂಟೆಯಲ್ಲಿ 22.547 ಕಿ.ಮೀ. ತುಳಿದರು. ತೀರಿಕೊಂಡಿದ್ದು 2021ರಲ್ಲಿ, 109ಕ್ಕೆ.

ಅವರ ಕಾಲಿನ ಶಕ್ತಿಗೆ ಕೈ ಮುಗಿಯಬೇಕು. ಜೊತೆಗೆ ಇನ್ನೊಂದು ವಿಷಯ ಗಮನಿಸಿ. ಆ ದಾಖಲೆಗಳು ನಿಂತಿರುವುದು ಅವರು ಹುಟ್ಟಿದ ದಿನವನ್ನು ಒಬ್ಬ ಗುಮಾಸ್ತ ಬರೆದಿಟ್ಟಿದ್ದರಿಂದ. ಫ್ರಾನ್ಸಿನಲ್ಲಿ ಪ್ರತಿಯೊಬ್ಬರ ಹುಟ್ಟನ್ನೂ ಸರ್ಕಾರ ಬರೆದುಕೊಳ್ಳುವ ಕಾನೂನು 1792ರಿಂದ ಇದೆ. 1911ರಲ್ಲಿ ಕೊಡ್ಲಿಪೇಟೆ ಸುತ್ತಮುತ್ತ ಹುಟ್ಟಿದ ಒಬ್ಬ ಗಟ್ಟಿ ಅಜ್ಜ 2012ರಲ್ಲಿ ನೂರು ಕಿಲೋಮೀಟರ್ ತುಳಿದಿದ್ದರೂ ದಾಖಲೆ ಪುಸ್ತಕದವರು ಮೊದಲು ಕೇಳುತ್ತಿದ್ದದ್ದು "ಬರ್ತ್ ಸರ್ಟಿಫಿಕೇಟ್ ಎಲ್ಲಿ?" ಅಂತ.

ವಯಸ್ಸಿನ ಕಥೆ ಇದಾಯ್ತು. ದೂರದ ಕಥೆಯೂ ಹೆಚ್ಚುಕಮ್ಮಿ ಹಾಗೇ ಇದೆ.

ಅಜ್ಜಿಗೆ ಕಿಲೋಮೀಟರ್ ಗೊತ್ತಿರಲಿಲ್ಲ. ಹತ್ತಿರದ ಮನೆ ಅಂದರೆ ಕೂಗಳತೆ, ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಬೇಕು. ದೂರದ್ದಾದರೆ ಹರದಾರಿ. ಒಂದು ಹರದಾರಿ ಅಂದರೆ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಅಪ್ಪನ ಬಾಯಲ್ಲಿ ಮೈಲಿ, ಫರ್ಲಾಂಗು ಇವತ್ತಿಗೂ ಇವೆ. ನನಗೆ ಮೊದಲಿನಿಂದಲೂ ಕಿಲೋಮೀಟರ್. ಒಂದೇ ಮನೆಯಲ್ಲಿ ಮೂರು ತಲೆಮಾರು, ಮೂರು ಅಳತೆ.

ಇದರಲ್ಲಿ 1956 ದೊಡ್ಡ ವರ್ಷ. ಆ ವರ್ಷದ ನವೆಂಬರ್ 1ರವರೆಗೆ ಕೊಡಗು ಬೇರೆ ರಾಜ್ಯ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ತಗೊಂಡ ಮೇಲೆ ಕೊಡಗು ಅವರ ಕೈಯಲ್ಲೇ ಪ್ರತ್ಯೇಕವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ಸಣ್ಣ ರಾಜ್ಯವಾಗಿ ಉಳಿದಿತ್ತು, 1952ರಿಂದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅಂದರೆ ನಮ್ಮ ಅಜ್ಜಿ ಮದುವೆಯಾಗಿ ಹಾಸನದ ಕಡೆಯಿಂದ ಕೊಡ್ಲಿಪೇಟೆಗೆ ಬಂದಾಗ ರಾಜ್ಯ ದಾಟಿ ಬಂದಿದ್ದರು! ನವೆಂಬರ್ 1ಕ್ಕೆ ಆ ಗಡಿ ಅಳಿಸಿಹೋಯ್ತು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ, ಮುಂದಿನ ವರ್ಷದಿಂದ ಮೆಲ್ಲಗೆ ಸೇರು ಹೋಗಿ ಕಿಲೋ, ಆಮೇಲೆ ಮೈಲಿ ಹೋಗಿ ಕಿಲೋಮೀಟರ್. ರಸ್ತೆ ಪಕ್ಕದ ಕಲ್ಲಿನ ಮೇಲಿನ ಅಂಕಿ ಬದಲಾದರೂ ಹೆಸರು ಮಾತ್ರ ಮೈಲಿಗಲ್ಲಾಗಿಯೇ ಉಳಿಯಿತು.

ಕಾಕತಾಳೀಯವೋ ಏನೋ, ಲುಧಿಯಾನದಲ್ಲಿ ಹೀರೋ ಸೈಕಲ್ ಕಂಪನಿ ಶುರುವಾಗಿದ್ದೂ 1956ರಲ್ಲೇ. ಅದಕ್ಕೆ ಮುಂಚೆ 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಬಂದಿದ್ದವು. ಜರ್ಮನಿಯ ಕಾರ್ಲ್ ಡ್ರೈಸ್ ಮರದ ಎರಡು ಚಕ್ರದ ಗಾಡಿಯನ್ನು ಕಾಲಿನಿಂದ ನೆಲ ಒದ್ದುಕೊಂಡು ಓಡಿಸಿದ್ದು 1817ರ ಜೂನ್ 12ಕ್ಕೆ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಎತ್ತರ ಇರುವ, ಚೈನಿನ ಸೈಕಲ್ ತಂದದ್ದು 1885ರಲ್ಲಿ. ಡನ್ಲಪ್ ಗಾಳಿ ತುಂಬಿದ ಟೈರ್ ಮಾಡಿದ್ದು 1888ರಲ್ಲಿ. ಅಲ್ಲಿಂದ ಇಂಡಿಯಾದಲ್ಲಿ ಲಕ್ಷಗಟ್ಟಲೆ ಸೈಕಲ್ ತಯಾರಾಗಿ, ಅಟೆಂಡರ್ ಸಂಬಳದವರೂ ಕಂತಿನಲ್ಲಿ ಕೊಳ್ಳುವ ಹಾಗಾಗಲು ಅರವತ್ತು ಎಪ್ಪತ್ತು ವರ್ಷ ಹಿಡಿಯಿತು. ಕೊಡಗಿಗೆ ಇವತ್ತಿಗೂ ರೈಲಿಲ್ಲ. ಬಸ್ಸು ಬಿಟ್ಟರೆ ಬಡವರ ಗಾಡಿ ಅಂದರೆ ಸೈಕಲ್ಲೇ. ಅದೂ ಏರು ಬಂದಾಗ ಇಳಿದು ತಳ್ಳುವ ಸೈಕಲ್.

ಅಪ್ಪ ಅಟ್ಲಾಸ್ ಸೈಕಲ್ ತಗೊಂಡಿದ್ದು 1988ರಲ್ಲಿ. ಹಸಿರು ಬಣ್ಣ, ಹಿಂದೆ ಕ್ಯಾರಿಯರ್, ಚಕ್ರಕ್ಕೆ ಉಜ್ಜಿಕೊಂಡು ಉರಿಯುವ ಡೈನಮೊ. 2003ರಲ್ಲಿ ಮೊಪೆಡ್ ಕೊಳ್ಳುವವರೆಗೆ ಅದೇ. ಬೆಳಗ್ಗೆ ಎಂಟೂವರೆಗೆ ಹೊರಟರೆ ಶನಿವಾರಸಂತೆಗೆ ಸುಮಾರು ಹತ್ತು ಕಿಲೋಮೀಟರ್, ಸಂಜೆ ವಾಪಸ್ ಹತ್ತು. ಬರುವಾಗ ಕ್ಯಾರಿಯರ್ ಮೇಲೆ ಅಕ್ಕಿಯೋ, ಬೂಸಾ ಮೂಟೆಯೋ, ಶನಿವಾರವಾದರೆ ಸಂತೆ ಸಾಮಾನೋ. ನಮ್ಮ ಸೀಮೆಯಲ್ಲಿ ಊರಿನ ಹೆಸರಲ್ಲೇ ವಾರ ಇದೆ ನೋಡಿ: ಶನಿವಾರಸಂತೆ, ಸೋಮವಾರಪೇಟೆ, ಆ ಕಡೆ ಸಕಲೇಶಪುರದ ಹತ್ತಿರ ಶುಕ್ರವಾರಸಂತೆ. ಜನಕ್ಕೆ ತಾರೀಕು ಬೇಕಿರಲಿಲ್ಲ, ಯಾವ ದಿನ ಎಲ್ಲಿ ಸಂತೆ ಅಂತ ಗೊತ್ತಿದ್ದರೆ ಸಾಕಾಗಿತ್ತು.

ನಾನು ಸುಮ್ಮನೆ ಲೆಕ್ಕ ಹಾಕಿದೆ. ಜೋರು ಮಳೆಗಾಲದಲ್ಲಿ ಅಪ್ಪ ಬಸ್ಸಿಗೆ ಹೋಗುತ್ತಿದ್ದರು. ಅದನ್ನೂ ರಜೆಗಳನ್ನೂ ಕಳೆದು ವರ್ಷಕ್ಕೆ 200 ದಿನ ಅಂತ ಇಟ್ಟುಕೊಳ್ಳಿ. ದಿನಕ್ಕೆ 20 ಕಿಲೋಮೀಟರ್, ವರ್ಷಕ್ಕೆ 4,000. ಹದಿನೈದು ವರ್ಷಕ್ಕೆ 60,000. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಪ್ಪ ಕೊಡ್ಲಿಪೇಟೆ–ಶನಿವಾರಸಂತೆ ರಸ್ತೆಯಲ್ಲೇ ಭೂಮಿಯನ್ನು ಒಂದೂವರೆ ಸುತ್ತು ಹಾಕಿದ್ದಾರೆ!

1923ರ ಅಕ್ಟೋಬರ್ 15ಕ್ಕೆ ಬಾಂಬೆಯಿಂದ ಆರು ಜನ ಪಾರ್ಸಿ ಹುಡುಗರು ಸೈಕಲ್ ಮೇಲೆ ಪ್ರಪಂಚ ಸುತ್ತಲು ಹೊರಟರು. ಕೊನೆವರೆಗೂ ಉಳಿದು 1928ರಲ್ಲಿ ಊರು ಸೇರಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ. ನಾಲ್ಕೂವರೆ ವರ್ಷದಲ್ಲಿ ಸುಮಾರು 71,000 ಕಿಲೋಮೀಟರ್. ಮರುಭೂಮಿ, ಹಿಮ, ಕಾಡು ಎಲ್ಲ ದಾಟಿದ ಅವರ ಸಾಹಸಕ್ಕೆ ಅಪ್ಪನ ಆಫೀಸ್ ಓಡಾಟವನ್ನು ಹೋಲಿಸುತ್ತಿಲ್ಲ. ಆದರೆ ಅವರು ಪುಸ್ತಕ ಬರೆದರು, ಅಪ್ಪ ಎಣಿಸಲೂ ಇಲ್ಲ. ನಾನು ಎರಡು ವರ್ಷದಲ್ಲಿ ತುಳಿದ 3,800 ಕಿಲೋಮೀಟರ್ ಒಂದು ಮೀಟರೂ ಬಿಡದೆ ಅಮೆರಿಕದ ಯಾವುದೋ ಸರ್ವರಿನಲ್ಲಿ ಭದ್ರವಾಗಿದೆ.

ನಮ್ಮ ಊರಲ್ಲೂ ಸೈಕಲ್ ತುಳಿತವನ್ನು ಎಣಿಸುವವರು ಇದ್ದರು, ಆದರೆ ದೂರದಲ್ಲಿ ಎಣಿಸುತ್ತಿರಲಿಲ್ಲ. ಬಾಡಿಗೆ ಸೈಕಲ್ ಅಂಗಡಿಯವರದು ಗಂಟೆ ಲೆಕ್ಕ. ಗಂಟೆಗೆ ಎರಡು ರೂಪಾಯಿ. ನಾನು ಒಳಪೆಡ್ಲು ಹೊಡೆದು ಕಲಿತದ್ದು ಹಾಗೇ, ಗಂಟೆ ಮುಗಿಯುವಷ್ಟರಲ್ಲಿ ವಾಪಸ್ ತರಬೇಕು ಅನ್ನುವ ಭಯದಲ್ಲಿ. ಅದಕ್ಕಿಂತ ಹಿಂದೆ, ಅಪ್ಪ ಹುಡುಗನಾಗಿದ್ದಾಗ, ಸ್ಕೂಲಿನ ಮೈದಾನಕ್ಕೆ ಸೈಕಲ್ ತುಳಿಯುವವ ಒಬ್ಬ ಬರುತ್ತಿದ್ದನಂತೆ. ಏಳು ದಿನ ಕೆಳಗೆ ಇಳಿಯುವುದಿಲ್ಲ. ಊಟ, ಸ್ನಾನ, ಬಟ್ಟೆ ಬದಲಾಯಿಸೋದು ಎಲ್ಲ ಸೈಕಲ್ ಮೇಲೇ. ರಾತ್ರಿ ಟ್ಯೂಬ್‌ಲೈಟ್ ಕಟ್ಟಿ, ಮೈಕ್ ಹಾಕಿ, ಸಿನಿಮಾ ಹಾಡಿಗೆ ಕುಣಿತ. ಕೊನೇ ದಿನ ಊರಿನವರೆಲ್ಲ ಸೇರಿ ನೋಟಿನ ಹಾರ ಹಾಕಿ ಇಳಿಸುತ್ತಿದ್ದರು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ನಿಮ್ಮ ಅಪ್ಪ ಅಮ್ಮಂದಿರು ಇದನ್ನು ನೋಡಿರುತ್ತಾರೆ, ಕೇಳಿ. ಅವನು ಒಟ್ಟು ಎಷ್ಟು ದೂರ ತುಳಿದ ಅಂತ ಯಾರೂ ಕೇಳಲಿಲ್ಲ. ಇಳಿದನಾ ಇಲ್ಲವಾ, ಅದೊಂದೇ ಪ್ರಶ್ನೆ.

ಮನೆಯ ಹೆಂಗಸರ ಲೆಕ್ಕ ಇನ್ನೂ ತಡವಾಗಿ ಶುರುವಾಗಿದ್ದು. ಅಜ್ಜಿ, ಅಮ್ಮ ಇಬ್ಬರೂ ಸೈಕಲ್ ಹತ್ತಿದ್ದು ಕ್ಯಾರಿಯರ್ ಮೇಲೆ ಮಾತ್ರ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಅದಾದ ಮೇಲೆ ಎಂಟಕ್ಕೆ ಬಂದ ನನ್ನ ತಂಗಿಗೆ ಸಿಕ್ಕಿತು. ನಮ್ಮ ಮನೆತನದಲ್ಲಿ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದ ಮೊದಲ ಹೆಣ್ಣು ಅವಳೇ. ಅವಳಿಗೆ ಹುಟ್ಟಿದ ತಾರೀಕೂ ಸರಿಯಾಗಿದೆ, ಆಸ್ಪತ್ರೆಯದು. ಇವೆರಡೂ ಒಂದೇ ತಲೆಮಾರಿನಲ್ಲಿ ಬಂದವು.

ಸರಿ, ಹುಟ್ಟುಹಬ್ಬಕ್ಕೆ ಬರ್ತೀನಿ. ಹಿಂದಿನ ರಾತ್ರಿ ಊರಿಗೆ ಬಂದೆ, ಕಾರಿನ ಹಿಂದೆ ನನ್ನ ಗೇರ್ ಸೈಕಲ್ ಕಟ್ಟಿಕೊಂಡು. ಬೆಳಗ್ಗೆ ಆರೂಕಾಲಿಗೆ ಎದ್ದು ನೋಡಿದರೆ ಅಪ್ಪ ಅಂಗಳದಲ್ಲಿ ಅಟ್ಲಾಸ್‌ಗೆ ಪಂಪ್ ಹೊಡೀತಾ ಇದ್ದರು. ಕೊಟ್ಟಿಗೆ ಅಟ್ಟದಲ್ಲಿ ಇಪ್ಪತ್ತೆರಡು ವರ್ಷ ಇದ್ದದ್ದು. ನನಗೆ ಹೇಳದೆ ಇಳಿಸಿ, ಪೇಟೆಗೆ ಒಯ್ದು ಟೈರು, ಟ್ಯೂಬು, ಚೈನು ಹಾಕಿಸಿದ್ದರು. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತ್ತು. ಅವರ ಸೈಕಲ್ ಮಾತ್ರ ನಮ್ಮ ಅಂಗಳದಲ್ಲಿ ನಿಂತಿತ್ತು.

"ನೀವೂ ಬರ್ತೀರಾ?" ಅಂದೆ.

"ಬರ್ತೀನಿ. ಅರವತ್ತು ಆಗಲ್ಲ, ಮಂಡಿ ಕೇಳಲ್ಲ. ಸರ್ಕಾರ ನನಗೆ ಒಂದೂವರೆ ವರ್ಷ ಜಾಸ್ತಿ ಬರೆದಿದೆಯಲ್ಲ, ಅದೊಂದೂವರೆ ಕಿಲೋಮೀಟರ್ ತುಳಿದುಬಿಡ್ತೀನಿ. ಬಾಕಿ ತೀರಿತು ಅಂದ್ಕೊಂಡ್ರಾಯ್ತು."

ಅಮ್ಮ ಒಳಗಿಂದ ಬಂದು ಬೈದರು. ಅಪ್ಪ ಮಫ್ಲರ್ ಕಟ್ಟಿಕೊಂಡರು. ಇಬ್ಬರೂ ಹೊರಟೆವು. ಮಂಜು ದಟ್ಟವಾಗಿತ್ತು, ಕಾಫಿ ಕುಯ್ಲಿಗೆ ಹೋಗುವ ಹೆಂಗಸರು ಜೀಪಿಗೆ ಕಾಯ್ತಾ ಇದ್ದರು. ಅಪ್ಪನನ್ನು ಸೈಕಲ್ ಮೇಲೆ ನೋಡಿ ಒಬ್ಬರು "ಏನ್ ಅಣ್ಣಾ, ಆಫೀಸಿಗಾ?" ಅಂತ ಕೂಗಿದರು. ಅಪ್ಪ ಬೆಲ್ ಹೊಡೆದರು. ನನ್ನ ಮೀಟರ್ 1.5 ತೋರಿಸಿದಾಗ ನಾನು ಹೇಳಿದೆ. ಅಪ್ಪ ನಿಲ್ಲಿಸಲಿಲ್ಲ. ಮುಂದಿನ ಟೀ ಅಂಗಡಿವರೆಗೂ ಬಂದು, ಕಾಲು ಊರಿ, "ಸಾಕು, ನೀನು ಹೋಗು" ಅಂದರು. ಮೀಟರ್ 2.1 ತೋರಿಸುತ್ತಿತ್ತು. ಸರ್ಕಾರಕ್ಕೆ ಆರುನೂರು ಮೀಟರ್ ಹೆಚ್ಚೇ ಕೊಟ್ಟರು.

ನಾನು ಶನಿವಾರಸಂತೆ ದಾಟಿ ಸೋಮವಾರಪೇಟೆ ರಸ್ತೆಯಲ್ಲಿ 17 ಕಿಲೋಮೀಟರ್ ಆಗುವ ಕಡೆ ತಿರುಗಿಸಿ ವಾಪಸ್ ಬಂದೆ. ಇಪ್ಪತ್ತೊಂದು ಗೇರ್ ಇದ್ದರೂ ಎರಡು ಏರಿನಲ್ಲಿ ಉಸಿರು ಬಿಟ್ಟೆ. ಇದೇ ಏರುಗಳನ್ನು ಅಪ್ಪ ಗೇರಿಲ್ಲದೆ, ಕ್ಯಾರಿಯರ್ ಮೇಲೆ ಮೂಟೆ ಇಟ್ಟುಕೊಂಡು ಹದಿನೈದು ವರ್ಷ ದಾಟಿದ್ದು. ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದರು. 34 ಕಿಲೋಮೀಟರ್ ಅಂದೆ. ಬಾಯಲ್ಲೇ ಲೆಕ್ಕ ಹಾಕಿ, "ಇಪ್ಪತ್ತೊಂದು ಮೈಲಿ. ನಿಮ್ಮಜ್ಜಿ ಇದ್ದಿದ್ರೆ ಏಳು ಹರದಾರಿ ಅಂತಿತ್ತು" ಅಂದರು.

ಅಜ್ಜಿ ತೀರಿಕೊಂಡು ಆರು ವರ್ಷವಾಯ್ತು. ವಿಶ್ವಾವಸು ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2025ರ ಯುಗಾದಿಗೆ ಮತ್ತೆ ಬಂದಿತ್ತು. ಯಾವ ಆಧಾರ್ ಕಾರ್ಡ್ ಏನೇ ಹೇಳಲಿ, ಅಪ್ಪನಿಗೆ ಅರವತ್ತು ತುಂಬಿದ್ದು ಈ ವರ್ಷವೇ ಅಂತ ನಾವು ಆ ಮಧ್ಯಾಹ್ನ ಮನೆಯಲ್ಲಿ ಪಾಯಸ ಮಾಡಿದೆವು. ಇಬ್ಬರಿಗೂ ಸೇರಿ ಒಂದೇ ಹುಟ್ಟುಹಬ್ಬ. ಗ್ರೂಪಿಗೆ ನನ್ನ ಮ್ಯಾಪಿನ ಜೊತೆ ಅಟ್ಲಾಸ್‌ನ ಫೋಟೋನೂ ಹಾಕಿದೆ.

ನೀವು ಮುಂದಿನ ಹುಟ್ಟುಹಬ್ಬಕ್ಕೆ ವಯಸ್ಸಿನಷ್ಟು ದೂರ ತುಳಿಯುವುದಾದರೆ ತುಳಿಯಿರಿ, ಒಳ್ಳೆಯದೇ. ಅದಕ್ಕೂ ಮುಂಚೆ ಮನೆಗೆ ಒಂದು ಫೋನ್ ಮಾಡಿ, ಅಪ್ಪ ಅಮ್ಮ ನಿಜವಾಗಿ ಹುಟ್ಟಿದ್ದು ಯಾವಾಗ ಅಂತ ಕೇಳಿ. ತಾರೀಕು ಗೊತ್ತಿಲ್ಲ ಅಂದರೆ ಯಾವ ಸಂವತ್ಸರ, ಯಾವ ಮಳೆ, ಯಾವ ಬೆಳೆ, ಊರಲ್ಲಿ ಏನಾಗಿತ್ತು ಅಂತ ಕೇಳಿ. ಅಜ್ಜಿ ಇದ್ದರೆ ಇವತ್ತೇ ಕೇಳಿ. ಬರೆದಿಟ್ಟುಕೊಳ್ಳಿ.